ಹೇಳಿದ ಗಾಡಿಯೇ ಬೇರೆ, ಕೊಟ್ಟ ಗಾಡಿಯೇ ಬೇರೆ!

ಸೋಮವಾರ, ಗುರುವಾರ ಬಂತೆಂದರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೀನದೆ ಒಂದು ಸುತ್ತು ಹಾಕುವುದು ಕಷ್ಟ. ಖರೀದಿದಾರರು ಚೀಲದ ಬಾಯಿ ಬಿಚ್ಚಿ, ಕೈ ತೂರಿಸಿ, ತಳದ ಕಾಯಿ ಹೊರತೆಗೆದು ಮುರಿದು ನೋಡುತ್ತಾರೆ. ಕಡ್ಡಿಯೋ ಡಬ್ಬಿಯೋ, ಬಣ್ಣ ಹೇಗಿದೆ, ಹಸಿ ಎಷ್ಟಿದೆ ಎಂಬುದೆಲ್ಲ ಬೆರಳಿಗೇ ಗೊತ್ತು. ಮೇಲೆ ಒಳ್ಳೆಯ ಕಾಯಿ ಹರಡಿ ಕೆಳಗೆ ಬೇರೆ ಮಾಲು ತುಂಬಿದವನ ಆಟ ಇಲ್ಲಿ ಬಹಳ ದಿನ ನಡೆಯುವುದಿಲ್ಲ.

ಆದರೆ ಇದೇ ಊರಿನ ರೈತ ಕಾಯಿ ಮಾರಿದ ದುಡ್ಡು ಕಟ್ಟಿಕೊಂಡು, ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೋ ರಾಣೆಬೆನ್ನೂರಿನ ಕಾಲೇಜಿಗೋ ಹೋಗುವ ಮಗಳಿಗೆಂದು ಸ್ಕೂಟರ್ ಕೊಳ್ಳಲು ಶೋರೂಮಿಗೆ ಹೋದಾಗ ಚೀಲದ ತಳಕ್ಕೆ ಕೈ ಹಾಕುವುದಿಲ್ಲ. ಗಾಜಿನ ಬಾಗಿಲು, ಟೈ ಕಟ್ಟಿದ ಹುಡುಗ, ತಣ್ಣನೆಯ ನೀರು. ಹುಡುಗ ಹೇಳಿದ್ದೇ ವೇದವಾಕ್ಯ. ‘ಎ.ಬಿ.ಎಸ್. ಬ್ರೇಕ್ ಐತ್ರಿ, ಈ ವರ್ಷದ್ದೇ ಮಾಡೆಲ್‌ರಿ, ಅರವತ್ತು ಕೊಡ್ತೈತ್ರಿ’ ಎಂದರೆ ಮುಗಿಯಿತು. ಮನೆಗೆ ತಂದು ಪೂಜೆ ಮಾಡಿ, ತಿಂಗಳು ಕಳೆದ ಮೇಲೆ ಗೆಳೆಯರ ಗಾಡಿಯ ಜೊತೆ ಹೋಲಿಸಿದಾಗ ಗೊತ್ತಾಗುತ್ತದೆ: ಇದ್ದದ್ದು ಎ.ಬಿ.ಎಸ್. ಅಲ್ಲ, ಸಿ.ಬಿ.ಎಸ್. ಮೊದಲನೆಯದು ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ನೋಡಿಕೊಳ್ಳುತ್ತದೆ. ಎರಡನೆಯದು ಎರಡೂ ಚಕ್ರಕ್ಕೆ ಬ್ರೇಕನ್ನು ಹಂಚುತ್ತದೆ, ಅಷ್ಟೇ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಬೈಕುಗಳಿಗೆ ಎ.ಬಿ.ಎಸ್. ಕಡ್ಡಾಯವಾಯಿತು, ಅದರೊಳಗಿನವಕ್ಕೆ ಸಿ.ಬಿ.ಎಸ್. ಇದ್ದರೂ ಸಾಕಾಯಿತು. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಮಳೆಗಾಲದ ರಸ್ತೆಯಲ್ಲಿ ಬಹಳ ದೊಡ್ಡ ವ್ಯತ್ಯಾಸ.

ಹೀಗಾದರೆ ಕಾನೂನು ಏನು ಹೇಳುತ್ತದೆ? ಹೊಸದೇನೂ ಅಲ್ಲ, ಮೆಣಸಿನಕಾಯಿ ಪೇಟೆಯ ನ್ಯಾಯವನ್ನೇ ಹೇಳುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ ವಿವರಣೆ ಕೊಟ್ಟು ಮಾರಿದ ಮಾಲು ಆ ವಿವರಣೆಗೆ ಹೊಂದಲೇಬೇಕು. ಮಾದರಿಯನ್ನೂ ತೋರಿಸಿ ವಿವರಣೆಯನ್ನೂ ಕೊಟ್ಟಿದ್ದರೆ ಎರಡಕ್ಕೂ ಹೊಂದಬೇಕು. ಮಾದರಿಗೆ ಮಾತ್ರ ಹೊಂದಿದರೆ ಸಾಲದು. ಶೋರೂಮಿನಲ್ಲಿ ನಿಲ್ಲಿಸಿದ ಗಾಡಿ ಮಾದರಿ, ಕೈಗೆ ಕೊಟ್ಟ ಬಣ್ಣದ ಕಾಗದ ವಿವರಣೆ. ಇದರ ಮೇಲೆ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಮಾಲಿನ ಗುಣಮಟ್ಟ, ದರ್ಜೆ, ಮಾದರಿ ಕುರಿತು ಸುಳ್ಳು ಹೇಳುವುದನ್ನೂ, ಹಳೆಯದನ್ನು ಹೊಸದೆಂದು ಮಾರುವುದನ್ನೂ ಅದು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ.

ಹಾಗೆಂದು ಮಾರಾಟಗಾರ ಆಡಿದ ಪ್ರತಿ ಮಾತನ್ನೂ ಹಿಡಿದು ಕೂರುವಂತಿಲ್ಲ. ‘ಗಾಳಿ ಹೋದಂಗ ಹೋಗ್ತೈತ್ರಿ’ ಎಂಬುದು ವ್ಯಾಪಾರದ ಬಣ್ಣನೆ. ‘125 ಸಿ.ಸಿ.’ ಎಂಬುದು ವಿವರಣೆ. ಮೈಲೇಜು ಇವೆರಡರ ನಡುವೆ ನೇತಾಡುವ ಸಂಗತಿ. ಕಂಪನಿ ಮುದ್ರಿಸುವ ಅಂಕಿ ಪರೀಕ್ಷಾ ಕೇಂದ್ರದಲ್ಲಿ ಸಿಕ್ಕಿದ್ದು. ಮೋಟೆಬೆನ್ನೂರು ರಸ್ತೆಯಲ್ಲಿ ಇಬ್ಬರು ಕೂತು, ಚೀಲ ಇಟ್ಟುಕೊಂಡು ಹೋದರೆ ಅಷ್ಟು ಸಿಗುವುದಿಲ್ಲ. ಸ್ವಲ್ಪ ಕಡಿಮೆಯಾದರೆ ಅದು ಮೋಸವಲ್ಲ. ಆದರೆ ಸ್ವಲ್ಪಕ್ಕೂ ಮಿತಿ ಬೇಡವೇ? ಕೇರಳದ ತ್ರಿಶೂರಿನಲ್ಲಿ ಮಹಿಳೆಯೊಬ್ಬರು 2014ರಲ್ಲಿ ಕೊಂಡ ಕಾರಿಗೆ ಲೀಟರಿಗೆ 32 ಕಿ.ಮೀ. ಎಂದು ಹೇಳಲಾಗಿತ್ತು. ತಜ್ಞರು ಓಡಿಸಿ ಅಳೆದಾಗ ಸಿಕ್ಕಿದ್ದು 19.6. ಅಲ್ಲಿನ ಜಿಲ್ಲಾ ಆಯೋಗ 2022ರಲ್ಲಿ ಅವರಿಗೆ ಒಟ್ಟು 3.10 ಲಕ್ಷ ರೂಪಾಯಿ ಕೊಡಿಸಿತು. ಆ ಮಹಿಳೆಯನ್ನು ಗೆಲ್ಲಿಸಿದ್ದು ಸಿಟ್ಟಲ್ಲ, ತಜ್ಞರು ಅಳೆದ ಆ ಅಂಕಿ.

ಗೋವಾದ ಇನ್ನೊಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2011ರಲ್ಲಿ ಹೊಸ ಕಾರಿಗೆ ಹಣ ಕಟ್ಟಿದ ಗ್ರಾಹಕರಿಗೆ ಡೀಲರ್ ಕೊಟ್ಟದ್ದು 2009ರಲ್ಲಿ ತಯಾರಾದ, ಆಗಲೇ 622 ಕಿ.ಮೀ. ಓಡಿದ ಕಾರು. ಹತ್ತು ವರ್ಷ ನಡೆದ ಜಗಳದಲ್ಲಿ ಕೆಳಗಿನ ಆಯೋಗಗಳು ಡೀಲರ್ ಮತ್ತು ತಯಾರಕ ಟಾಟಾ ಮೋಟಾರ್ಸ್ ಇಬ್ಬರನ್ನೂ ಹೊಣೆ ಮಾಡಿದ್ದವು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿಗೂ ಡೀಲರನಿಗೂ ಇರುವುದು ಕೊಡು-ಕೊಳ್ಳುವವರ ಸಂಬಂಧ, ಡೀಲರ್ ಮಾಡಿದ್ದು ಕಂಪನಿಗೆ ತಿಳಿದಿತ್ತೆಂಬ ಪುರಾವೆ ಇಲ್ಲ ಎಂದು ಕಂಪನಿಯನ್ನು ಬಿಟ್ಟಿತು. ಡೀಲರನ ಹೊಣೆ ಹಾಗೆಯೇ ಉಳಿಯಿತು. ದೊಡ್ಡ ಕಂಪನಿಯ ಫಲಕ ನೋಡಿ ‘ಹೋದರೆ ಕಂಪನಿ ಕೊಡುತ್ತದೆ’ ಎಂದು ನಂಬಿದವರು ಈ ತೀರ್ಪನ್ನು ಒಮ್ಮೆ ನೆನೆಯಬೇಕು. ದೂರು ಬರೆಯುವಾಗ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸುವುದು ಒಳ್ಳೆಯದು. ಯಾರು ಏನು ಹೇಳಿದರು ಎಂಬುದನ್ನು ಮಾತ್ರ ಬೇರೆ ಬೇರೆಯಾಗಿ ತೋರಿಸಬೇಕು.

‘ಲೈಸೆನ್ಸ್ ಬ್ಯಾಡ್ರಿ, ಪಾಸಿಂಗ್ ಬ್ಯಾಡ್ರಿ’

ಪಿ.ಯು.ಸಿ. ಮಕ್ಕಳ ತಂದೆ-ತಾಯಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿ. ಬ್ಯಾಟರಿ ಸ್ಕೂಟರ್ ಮಾರುವ ಕೆಲವರು ಹದಿನಾರರ ಹುಡುಗನನ್ನು ನೋಡಿದ ಕೂಡಲೇ ಈ ಮಾತು ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ನೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದು, ಅಧಿಕೃತ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಬ್ಯಾಟರಿ ಗಾಡಿಯನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ಲೈಸೆನ್ಸೂ ಬೇಡ. ಆದರೆ ಅದೇ ಹುಡುಗ ‘ಇದು ನಲವತ್ತೈದು ಓಡ್ತೈತ್ರಿ’ ಎಂದೂ ಹೇಳಿದರೆ ಎರಡರಲ್ಲಿ ಒಂದು ಸುಳ್ಳು. ವೇಗ ನಿಜವಾದರೆ ಅದು ಮೋಟಾರು ವಾಹನವೇ. ಪಾಸಿಂಗ್, ವಿಮೆ, ಲೈಸೆನ್ಸ್ ಎಲ್ಲವೂ ಬೇಕು.

ಈ ಸುಳ್ಳಿನ ಬೆಲೆ ಕೊಡುವವರು ಮಾರಿದವರಲ್ಲ, ಮೊದಲಿಗೆ ಹೆತ್ತವರು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಹದಿನೆಂಟು ತುಂಬದವರು ವಾಹನ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಜೈಲು ಹಾಗೂ 25,000 ರೂಪಾಯಿ ದಂಡ. ವಿಮೆಯಿಲ್ಲದ ಗಾಡಿ ಯಾರಿಗಾದರೂ ಬಡಿದರೆ ಪರಿಹಾರದ ಹೊರೆಯೂ ಮನೆಯ ಮೇಲೆ. ತನಗೆ ಅರಿವಿಲ್ಲದೆ ನಡೆಯಿತು, ತಕ್ಕ ಎಚ್ಚರ ವಹಿಸಿದ್ದೆ ಎಂದು ರುಜುವಾತು ಮಾಡಿದ ಪಾಲಕರಿಗೆ ಆ ಕಲಮಿನಲ್ಲೇ ಬಿಡುಗಡೆಯ ದಾರಿಯಿದೆ. ಬಾಯಿಮಾತಿನಲ್ಲಿ ಕೊಂಡ ಗಾಡಿಗೆ ಆ ರುಜುವಾತು ಎಲ್ಲಿಂದ ತರುವುದು? ಆದ್ದರಿಂದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ನಕಲು ಕೇಳಬೇಕು. ಮೋಟಾರಿನ ಶಕ್ತಿ, ಗರಿಷ್ಠ ವೇಗ ಎರಡನ್ನೂ ಬಿಲ್ಲಿನ ಮೇಲೆಯೇ ಬರೆಸಿ ಸಹಿ ಹಾಕಿಸಬೇಕು. ಬರೆಯಲು ಹಿಂಜರಿದರೆ ಅಂಗಡಿ ಬದಲಿಸುವುದು ಲೇಸು.

ಪಾಸಿಂಗ್ ಆಗುವ ಗಾಡಿಗಳಿಗೆ ‘ಫಾರಂ 21’ ಎಂಬ ಮಾರಾಟ ಪತ್ರವಿರುತ್ತದೆ. ಬಹಳ ಜನ ಅದನ್ನು ಆರ್.ಟಿ.ಓ. ಕಾಗದಗಳ ಕಟ್ಟಿನಲ್ಲಿ ಏಜೆಂಟನ ಕೈಗೆ ಕೊಟ್ಟು ಮರೆತುಬಿಡುತ್ತಾರೆ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಎಂಜಿನ್ನಿನ ಸಿ.ಸಿ., ಇಂಧನ, ಬಣ್ಣ ಎಲ್ಲವೂ ಡೀಲರನ ಸಹಿಯೊಂದಿಗೆ ಅದರಲ್ಲಿರುತ್ತವೆ. ಹಣ ಪೂರ್ತಿ ಕಟ್ಟುವ ಮೊದಲು ಅದನ್ನು ಓದಿ, ಗಾಡಿಯ ಮೇಲೆ ಒತ್ತಿದ ಸಂಖ್ಯೆಯೊಂದಿಗೆ ತಾಳೆ ನೋಡಿ, ಒಂದು ನಕಲು ಮನೆಯಲ್ಲಿಡಬೇಕು. ಶೋರೂಮಿನ ವಿವರಪತ್ರ, ಕೊಟೇಶನ್, ಮೊಬೈಲಿಗೆ ಬಂದ ಸಂದೇಶ ಇವೂ ಸಾಕ್ಷಿಗಳೇ. ತಪ್ಪು ಕಂಡ ದಿನವೇ ಬರವಣಿಗೆಯಲ್ಲಿ ತಿಳಿಸಬೇಕು. ಸುಮ್ಮನೆ ಓಡಿಸುತ್ತ ಹೋದರೆ ಮಾಲನ್ನು ಒಪ್ಪಿಕೊಂಡಂತೆ ಆಗುತ್ತದೆ, ಗಾಡಿ ಹಿಂದಿರುಗಿಸುವ ಹಕ್ಕು ಸಡಿಲವಾಗಿ ಪರಿಹಾರ ಮಾತ್ರ ಉಳಿಯಬಹುದು.

ಮಾತಿಗೆ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಜಗ್ಗದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಹಳೆಯ ಕಾಯ್ದೆಯಲ್ಲಿ ಹುಬ್ಬಳ್ಳಿಯಲ್ಲಿ ಕೊಂಡ ಗಾಡಿಗೆ ಸಾಮಾನ್ಯವಾಗಿ ಅತ್ತ ಕಡೆಯೇ ಅಲೆಯಬೇಕಿತ್ತು. 2019ರ ಕಾಯ್ದೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಬಿಟ್ಟಿದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಅವಧಿ ಎರಡು ವರ್ಷ. ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಗೋವಾದ ಹತ್ತು ವರ್ಷ ನೋಡಿದರೆ ಆ ಮಾತನ್ನು ಪೂರ್ತಿ ನಂಬಿ ಕೂರುವಂತಿಲ್ಲ ಎಂಬುದೂ ನಿಜ. ಗಾಡಿ ಅಪ್ಪನ ಹೆಸರಿನಲ್ಲಿದ್ದರೂ ಅವರ ಒಪ್ಪಿಗೆಯಿಂದ ಅದನ್ನು ಬಳಸುವವರು ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರೇ. ಹಾಗಾಗಿ ಹದಿನೆಂಟು ತುಂಬಿದ ಮಗಳು ತಾನೇ ಕನ್ನಡದಲ್ಲಿ ದೂರು ಬರೆದು, ಕೆಳಗೆ ತನ್ನ ಸಹಿ ಹಾಕಬಹುದು.