ಹಿಜರಿ 1448: ವರ್ಷವಿಡೀ ಆಕಾಶದಲ್ಲಿ ಏನೇನು ಕಾಣಬಹುದು?

ಇಸ್ಲಾಮಿನ ಆರಾಧನೆಗಳಿಗೂ ಆಕಾಶಕ್ಕೂ ಬಿಡಿಸಲಾಗದ ನಂಟಿದೆ. ಐದು ಹೊತ್ತಿನ ನಮಾಝಿನ ಸಮಯ ಸೂರ್ಯನನ್ನು ಅನುಸರಿಸುತ್ತದೆ. ಉಪವಾಸ, ಹಜ್ಜ್ ಮತ್ತು ಹಬ್ಬಗಳು ಚಂದ್ರನನ್ನು ಅನುಸರಿಸುತ್ತವೆ. ಹಿಲಾಲ್ ಬಗ್ಗೆ ಜನರು ಪ್ರವಾದಿವರ್ಯರಲ್ಲಿ(ಸ) ಕೇಳಿದಾಗ, ಅದು ಮನುಷ್ಯರ ಕಾಲಗಣನೆಗೂ ಹಜ್ಜಿಗೂ ಇರುವ ಗುರುತು ಎಂಬ ಉತ್ತರ ಅಲ್-ಬಕರ ಅಧ್ಯಾಯದ 189ನೇ ವಚನದಲ್ಲಿ ಬಂತು. ಹಾಗಿದ್ದೂ ನಾವು ಆಕಾಶ ನೋಡುವುದು ವರ್ಷಕ್ಕೆ ಎರಡೋ ಮೂರೋ ಸಂಜೆ ಮಾತ್ರ. ಆ ಸಂಜೆಗಳಲ್ಲೂ ನಮ್ಮ ಕಣ್ಣು ಪಡುವಣದ ಕಡೆಗಿಂತ ಮೊಬೈಲಿನ ಮೇಲೆಯೇ ಹೆಚ್ಚು ಇರುತ್ತದೆ. "ಅಲ್ಲಿ ಕಂಡಿತಂತೆ, ಇಲ್ಲಿ ಕಾಣಲಿಲ್ಲವಂತೆ" ಎಂಬ ಮಾತು ಒಂದೇ ಮೊಹಲ್ಲಾದಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಮನಸ್ತಾಪಕ್ಕೆ ಕಾರಣವಾಗುತ್ತದೆ.

ಈ ಮನಸ್ತಾಪದ ದೊಡ್ಡ ಪಾಲು ಆಕಾಶದ ಪರಿಚಯವಿಲ್ಲದ್ದರಿಂದ ಬಂದದ್ದು. ಚಂದ್ರದರ್ಶನದ ತೀರ್ಪು ಖಾಝಿಗಳದ್ದು, ಉಲಮಾಗಳದ್ದು. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಆ ತೀರ್ಪಿಗೆ ಆಧಾರವಾಗುವ ಸಾಕ್ಷಿ ನಮ್ಮ ನಿಮ್ಮಂಥ ಸಾಮಾನ್ಯರ ಕಣ್ಣು. ಆ ಕಣ್ಣು ಪಳಗಿರಬೇಕಾದರೆ ವರ್ಷವಿಡೀ ಆಕಾಶ ನೋಡುವ ಅಭ್ಯಾಸ ಬೇಕು. ಈ ಜೂನ್ 17ರ ಸುಮಾರಿಗೆ ಹಿಜರಿ 1448 ಆರಂಭವಾಗುತ್ತಿರುವುದರಿಂದ, ಹೊಸ ವರ್ಷದ ಹನ್ನೆರಡು ತಿಂಗಳಲ್ಲಿ ನೋಡಬೇಕಾದದ್ದನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಹಿಜರಿ ದಿನಾಂಕಗಳೆಲ್ಲವೂ ಚಂದ್ರದರ್ಶನಕ್ಕೆ ಒಳಪಟ್ಟಿವೆ.

ಅಮಾವಾಸ್ಯೆ ಬೇರೆ, ಹಿಲಾಲ್ ಬೇರೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಭೂಮಿಯಿಂದ ನೋಡುವಾಗ ಚಂದ್ರ ಸೂರ್ಯನಿರುವ ದಿಕ್ಕಿಗೇ ಬರುವ ಕ್ಷಣವೇ ಅಮಾವಾಸ್ಯೆ. ಈ ಕ್ಷಣವನ್ನು ನಿಮಿಷದ ಮಟ್ಟಿಗೆ ಲೆಕ್ಕ ಹಾಕಬಹುದು. ಅದು ಜಗತ್ತಿಗೆಲ್ಲ ಒಂದೇ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ನಮ್ಮ ತಿಂಗಳು ಒಮ್ಮೆ 29, ಒಮ್ಮೆ 30 ದಿನ ಆಗುವುದು ಈ ಅರ್ಧ ದಿನದ ಲೆಕ್ಕದಿಂದಲೇ.

ಹಿಲಾಲ್ ಎಂದರೆ ಅಮಾವಾಸ್ಯೆಯ ನಂತರ ಸೂರ್ಯನಿಂದ ಸಾಕಷ್ಟು ದೂರ ಸರಿದು, ಮುಸ್ಸಂಜೆಯ ಬೆಳಕನ್ನು ಮೀರಿ ಕಣ್ಣಿಗೆ ಬೀಳುವ ಚಂದ್ರ. ಸೂರ್ಯನಿಂದ ಸುಮಾರು 7 ಡಿಗ್ರಿ ದೂರವಾಗುವ ತನಕ ಎಳೆ ಚಂದ್ರನ ಗೆರೆ ಬರಿಗಣ್ಣಿಗೆ ಮೂಡುವುದೇ ಇಲ್ಲ. ಬರಿಗಣ್ಣಿಗೆ ಕಂಡ ಅತಿ ಎಳೆಯ ಚಂದ್ರನ ನಂಬಲರ್ಹ ದಾಖಲೆ ಸುಮಾರು ಹದಿನೈದೂವರೆ ಗಂಟೆಯದು. ಅದೂ ಅತ್ಯಂತ ಪಳಗಿದ ಕಣ್ಣಿಗೆ, ಅತ್ಯಂತ ತಿಳಿಯಾದ ಆಕಾಶದಲ್ಲಿ. ಸಾಮಾನ್ಯವಾಗಿ 24 ಗಂಟೆ ದಾಟಿದ ಚಂದ್ರ ಸುಲಭವಾಗಿ ಕಾಣುತ್ತದೆ. 15ರಿಂದ 24 ಗಂಟೆಯ ನಡುವಿನ ಚಂದ್ರನೇ ವಿವಾದದ ಚಂದ್ರ.

ಮಕ್ಕಾದಲ್ಲಿ ಸೂರ್ಯ ಮುಳುಗುವುದು ನಮಗಿಂತ ಎರಡು ಗಂಟೆಗೂ ಹೆಚ್ಚು ತಡವಾಗಿ. ಆ ಹೊತ್ತಿಗೆ ಚಂದ್ರ ಇನ್ನಷ್ಟು ಬಲಿತು, ಸೂರ್ಯನಿಂದ ಇನ್ನಷ್ಟು ದೂರ ಸರಿದಿರುತ್ತದೆ. ನಮಗೆ ಕಾಣದ ಚಂದ್ರ ಅದೇ ದಿನ ಅರೇಬಿಯಾದಲ್ಲಿ ಕಂಡರೆ ಎರಡು ಕಡೆಯವರೂ ಸತ್ಯವನ್ನೇ ಹೇಳುತ್ತಿರಬಹುದು.

ಮುಹರ್ರಮ್, ಸಫರ್: ನೆರಳು ತೋರಿಸುವ ಕಿಬ್ಲಾ

ಜೂನ್ ಮತ್ತು ಜುಲೈಯಲ್ಲಿ ಕರಾವಳಿ, ಮಲೆನಾಡಿನವರಿಗೆ ಮೋಡವೇ ಆಕಾಶ. ಮೋಡ ಸರಿದಾಗ ಮಗ್ರಿಬ್ ನಂತರ ಪಡುವಣದಲ್ಲಿ ಥಳಥಳಿಸುವುದು ಶುಕ್ರಗ್ರಹ. ಸೆಪ್ಟೆಂಬರ್ ಕೊನೆಯ ತನಕ ಅದು ಸಂಜೆಯ ಸಂಗಾತಿ. ಚಂದ್ರ ಹುಡುಕುವವರಿಗೆ ಅದೊಂದು ಒಳ್ಳೆಯ ಗುರುತು.

ಜುಲೈ 15 ಮತ್ತು 16ರಂದು ಮಧ್ಯಾಹ್ನ 2 ಗಂಟೆ 57 ನಿಮಿಷಕ್ಕೆ ಸೂರ್ಯ ಕಅಬಾದ ನೆತ್ತಿಯ ಮೇಲೆ ಬರುತ್ತದೆ. ಆ ಕ್ಷಣ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ಗೆರೆ ಎಳೆದರೆ ಅದೇ ಕಿಬ್ಲಾ. ದಿಕ್ಸೂಚಿಯೂ ಬೇಡ, ಆ್ಯಪ್ ಕೂಡ ಬೇಡ. ನಮ್ಮಲ್ಲಿ ಹಲವರು ಕಿಬ್ಲಾ ಎಂದರೆ ನೇರ ಪಶ್ಚಿಮ ಎಂದುಕೊಂಡಿದ್ದಾರೆ. ಮಂಗಳೂರು, ಬೆಂಗಳೂರುಗಳಿಂದ ಅದು ನೇರ ಪಶ್ಚಿಮದಿಂದ ಸುಮಾರು 18-19 ಡಿಗ್ರಿ ಉತ್ತರಕ್ಕಿದೆ. ಜುಲೈಯಲ್ಲಿ ಮಳೆ ಅಡ್ಡ ಬಂದರೆ 2027ರ ಮೇ 27 ಅಥವಾ 28ರ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ ಇನ್ನೊಂದು ಅವಕಾಶವಿದೆ.

ಆಗಸ್ಟ್ 12, ಸಫರ್ ತಿಂಗಳ ಕೊನೆ. ಅಂದು ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಮತ್ತು ಸ್ಪೇನ್‌ನಲ್ಲಿ ಸಂಪೂರ್ಣ ಸೂರ್ಯಗ್ರಹಣ. ಒಂದು ಕಾಲದ ಅಂದುಲುಸಿನ ನಗರಗಳಾದ ಝರಗೋಝಾ, ವೆಲೆನ್ಸಿಯಾಗಳು ಸಂಜೆಯ ಹೊತ್ತು ಕೆಲವು ಕ್ಷಣ ಕತ್ತಲಾಗಲಿವೆ. ಭಾರತದಲ್ಲಿ ಅದು ಕಾಣುವುದಿಲ್ಲ. ಆದರೆ ನಮಗೂ ಅದರಲ್ಲೊಂದು ಪಾಠವಿದೆ. ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯ ಕ್ಷಣದಲ್ಲಿ ಮಾತ್ರ. ಲೆಕ್ಕದಲ್ಲಿ ಮಾತ್ರ ಇರುವ ಅಮಾವಾಸ್ಯೆಯನ್ನು ಕಣ್ಣಾರೆ ಕಾಣುವ ಸಂದರ್ಭ ಇದೊಂದೇ.

ಅದೇ ರಾತ್ರಿ, ಆಗಸ್ಟ್ 12-13ರಂದು ಪರ್ಸೀಡ್ ಉಲ್ಕಾವೃಷ್ಟಿ. ಸ್ವಿಫ್ಟ್-ಟಟ್ಲ್ ಎಂಬ ಧೂಮಕೇತು ಬಿಟ್ಟುಹೋದ ಧೂಳಿನ ಹಾದಿಯನ್ನು ಭೂಮಿ ದಾಟುವಾಗ ಆ ಕಣಗಳು ಉರಿದು ಗೆರೆ ಬರೆಯುತ್ತವೆ. ಚಂದ್ರನ ಬೆಳಕು ಇಲ್ಲದ್ದರಿಂದ ಈ ಸಲ ಒಳ್ಳೆಯ ವರ್ಷ. ಕರಾವಳಿಯವರಿಗೆ ಮೋಡ ಬಿಡಲಿಕ್ಕಿಲ್ಲ. ಬಯಲುಸೀಮೆಯವರು ಮಧ್ಯರಾತ್ರಿಯ ನಂತರ ಈಶಾನ್ಯಕ್ಕೆ ನೋಡಬಹುದು.

ರಬೀಉಲ್ ಅವ್ವಲ್: ಗ್ರಹಣ ಮತ್ತು ನಮ್ಮ ನಂಬಿಕೆ

ಆಗಸ್ಟ್ 28ರಂದು ಪಾರ್ಶ್ವ ಚಂದ್ರಗ್ರಹಣ. ಅದರ ಮಧ್ಯಭಾಗ ನಮ್ಮ ಬೆಳಿಗ್ಗೆ 9 ಗಂಟೆ 43 ನಿಮಿಷಕ್ಕೆ. ಆಗ ನಮ್ಮಲ್ಲಿ ಚಂದ್ರ ಮುಳುಗಿರುತ್ತದೆ. ಈ ಹಿಜರಿ ವರ್ಷದಲ್ಲಿ ಭಾರತಕ್ಕೆ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗ್ರಹಣ ಒಂದೂ ಇಲ್ಲ. ಆದರೆ "ಗ್ರಹಣ" ಎಂಬ ಪದ ಸಿಕ್ಕರೆ ಸಾಕು, ಸಂದೇಶಗಳು ಹರಿದಾಡುತ್ತವೆ. ಗರ್ಭಿಣಿಯರು ಹೊರಗೆ ಬರಬಾರದು, ಅಡುಗೆ ಚೆಲ್ಲಬೇಕು ಎಂಬ ಮಾತುಗಳು ನಮ್ಮ ಮನೆಗಳಿಗೂ ಬರುತ್ತವೆ.

ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಅದು ಕ್ರಿ.ಶ. 632ರ ಜನವರಿ 27ರ ಗ್ರಹಣವೆಂದು ಖಗೋಳ ಲೆಕ್ಕ ಹೇಳುತ್ತದೆ. ಮಗುವಿನ ಸಾವಿಗೆ ಸೂರ್ಯನೂ ಶೋಕಿಸಿದ ಎಂದು ಜನರು ಆಡಿಕೊಂಡಾಗ, ಯಾರ ಸಾವಿಗಾಗಿಯೂ ಯಾರ ಬದುಕಿಗಾಗಿಯೂ ಗ್ರಹಣ ಆಗುವುದಿಲ್ಲ, ಅದು ಅಲ್ಲಾಹನ ದೃಷ್ಟಾಂತ ಎಂದು ಅವರು ತಿದ್ದಿದರು, ನಮಾಝಿಗೆ ಕರೆದರು. ಮಗನನ್ನು ಕಳೆದುಕೊಂಡ ತಂದೆ, ತನ್ನ ದುಃಖಕ್ಕೇ ಗೌರವ ತರುವ ಮಾತನ್ನು ಸುಳ್ಳೆಂದು ತಳ್ಳಿಹಾಕಿದ ಆ ಘಳಿಗೆಯನ್ನು ನೆನೆದರೆ, ಗ್ರಹಣದ ಮೂಢನಂಬಿಕೆಗೆ ನಮ್ಮಲ್ಲಿ ಜಾಗವಿರದು.

ರಬೀಉಲ್ ಆಖಿರ್‌ನಿಂದ ರಜಬ್‌ವರೆಗೆ: ತಿಳಿಯಾದ ರಾತ್ರಿಗಳು

ಅಕ್ಟೋಬರ್ 4ರಂದು ಶನಿಗ್ರಹ ಭೂಮಿಯಿಂದ ನೋಡುವಾಗ ಸೂರ್ಯನಿಗೆ ನೇರ ಎದುರು ಬರುತ್ತದೆ. ಮಗ್ರಿಬ್ ಹೊತ್ತಿಗೆ ಪೂರ್ವದಲ್ಲಿ ಮೂಡಿ ರಾತ್ರಿಯಿಡೀ ಕಾಣುತ್ತದೆ. ಸಣ್ಣ ದೂರದರ್ಶಕವಿದ್ದರೆ ಅದರ ಬಳೆಯನ್ನೂ ನೋಡಬಹುದು. ಬಳೆ ನಮಗೆ ಅಂಚಾಗಿ ತಿರುಗಿದ್ದು 2025ರಲ್ಲಿ. ಹಾಗಾಗಿ ಈ ವರ್ಷವೂ ತೆಳುವಾಗಿಯೇ ಕಾಣುತ್ತದೆ.

ಅಕ್ಟೋಬರ್ 10ರ ಅಮಾವಾಸ್ಯೆಯಿಂದ ಸುಮಾರು ಎರಡು ವಾರ ಫಜ್ರ್‌ಗೆ ಮೊದಲಿನ ಆಕಾಶದಲ್ಲಿ ಚಂದ್ರ ಇರುವುದಿಲ್ಲ. ಊರ ದೀಪಗಳಿಂದ ದೂರ ಹೋದರೆ ಪೂರ್ವದಲ್ಲಿ ಮಂಕಾದ ಬೆಳಕೊಂದು ನೆಲದಿಂದ ಮೇಲಕ್ಕೆ ಶಂಕುವಿನಂತೆ ನಿಂತಿರುವುದು ಕಾಣಬಹುದು. ಇದೇ ಸುಬ್ಹ್ ಕಾಝಿಬ್, ಹುಸಿ ಮುಂಜಾವು. ಸೂರ್ಯನ ಸುತ್ತ ಗ್ರಹಗಳ ನಡುವೆ ಹರಡಿರುವ ಧೂಳಿನ ಮೇಲೆ ಬಿದ್ದ ಬಿಸಿಲು ಅದು. ಆಮೇಲೆ ದಿಗಂತದ ಉದ್ದಕ್ಕೂ ಅಡ್ಡವಾಗಿ ಹರಡುವ ಬೆಳಕೇ ಸುಬ್ಹ್ ಸಾದಿಖ್, ನಿಜವಾದ ಮುಂಜಾವು. ಫಿಕ್ಹ್ ಗ್ರಂಥಗಳಲ್ಲಿ ಓದಿದ ಈ ವ್ಯತ್ಯಾಸವನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. ಬೀದಿದೀಪಗಳ ನಡುವೆ ಬೆಳೆದ ನಮ್ಮ ಮಕ್ಕಳು ಎರಡನ್ನೂ ಕಂಡಿಲ್ಲ.

ನವೆಂಬರ್ ಮಧ್ಯದಲ್ಲಿ, ಮುಂಜಾವಿನ ಮೊದಲು, ಕೆಂಪು ಮಂಗಳ ಮತ್ತು ಬಿಳಿ ಗುರು ತೀರಾ ಹತ್ತಿರ ಬರುತ್ತವೆ. ಶುಕ್ರವೂ ಈ ಹೊತ್ತಿಗೆ ಸಂಜೆ ಬಿಟ್ಟು ಮುಂಜಾವಿಗೆ ಬಂದಿರುತ್ತದೆ.

ಡಿಸೆಂಬರ್ 13-14ರ ರಾತ್ರಿ ಜೆಮಿನಿಡ್ ಉಲ್ಕಾವೃಷ್ಟಿ. ರಜಬ್‌ನ ಎಳೆ ಚಂದ್ರ ಬೇಗ ಮುಳುಗುವುದರಿಂದ, ಚಳಿಗಾಲದ ತಿಳಿ ಆಕಾಶದಲ್ಲಿ ಕರ್ನಾಟಕದವರಿಗೆ ವರ್ಷದ ಅತ್ಯುತ್ತಮ ಉಲ್ಕಾ ರಾತ್ರಿ ಇದು. ಒಂದು ಚಾಪೆ, ಒಂದು ಹೊದಿಕೆ ಸಾಕು. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು. ಆ ಹೊತ್ತು ಮೊಬೈಲ್ ನೋಡಬಾರದು. ಡಿಸೆಂಬರ್ 23-24ರ ರಾತ್ರಿಯದ್ದು 2026ರಲ್ಲಿ ಭೂಮಿಗೆ ಅತಿ ಹತ್ತಿರದ ಹುಣ್ಣಿಮೆ.

ಶಅಬಾನ್ ಕೊನೆ: ಫೆಬ್ರವರಿ 7ರ ಸಂಜೆ

ಈ ಪಟ್ಟಿಯಲ್ಲಿ ಒಂದೇ ದಿನವನ್ನು ಗುರುತು ಹಾಕಿಕೊಳ್ಳುವುದಾದರೆ ಅದು 2027ರ ಫೆಬ್ರವರಿ 7, ಆದಿತ್ಯವಾರ. ಹಿಂದಿನ ರಾತ್ರಿ 9 ಗಂಟೆ 26 ನಿಮಿಷಕ್ಕೆ ಅಮಾವಾಸ್ಯೆ. ಆ ಹೊತ್ತಿಗೆ ದಕ್ಷಿಣ ಅಮೆರಿಕದಿಂದ ಪಶ್ಚಿಮ ಆಫ್ರಿಕಾದವರೆಗೆ ಕಂಕಣ ಸೂರ್ಯಗ್ರಹಣವೂ ಇದೆ. 7ರ ಸಂಜೆ ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವಾಗ ಚಂದ್ರನ ವಯಸ್ಸು ಸುಮಾರು 21 ಗಂಟೆ. ಅಂದು ಇಲ್ಲಿ ಶಅಬಾನ್ 29 ಆಗುವ ಸಾಧ್ಯತೆಯೇ ಹೆಚ್ಚು. ಅಂದರೆ ರಮಝಾನಿನ ಚಂದ್ರ ಹುಡುಕುವ ಸಂಜೆ, ಮತ್ತು ಅದು ನಾವು ಮೇಲೆ ಹೇಳಿದ ವಿವಾದದ ಚಂದ್ರ. ಉಳ್ಳಾಲ, ಮಲ್ಪೆ, ಭಟ್ಕಳದ ಕಡಲತೀರದಲ್ಲಿ ನಿಂತವರಿಗೆ ಕಾಣಲೂಬಹುದು, ಕಾಣದೆಯೂ ಇರಬಹುದು. ಕಂಡರೆ ಫೆಬ್ರವರಿ 8ಕ್ಕೆ, ಕಾಣದಿದ್ದರೆ 9ಕ್ಕೆ ಮೊದಲ ಉಪವಾಸ.

ಈಗ ತಿಂಗಳ ಇನ್ನೊಂದು ತುದಿ ನೋಡೋಣ. ಮುಂದಿನ ಅಮಾವಾಸ್ಯೆ ಮಾರ್ಚ್ 8ರ ಮಧ್ಯಾಹ್ನ 2 ಗಂಟೆ 59 ನಿಮಿಷಕ್ಕೆ. ಅಂದು ಸಂಜೆ ಚಂದ್ರನ ವಯಸ್ಸು ನಾಲ್ಕು ಗಂಟೆಯೂ ಆಗಿರುವುದಿಲ್ಲ. ಕರ್ನಾಟಕದಲ್ಲಿ ಯಾರಿಗೂ ಕಾಣುವುದು ಸಾಧ್ಯವಿಲ್ಲ. ಮಾರ್ಚ್ 9ರ ಸಂಜೆ ಅದು 27 ಗಂಟೆ ದಾಟಿರುತ್ತದೆ. ಆಕಾಶ ತಿಳಿಯಾಗಿದ್ದರೆ ಎಲ್ಲರಿಗೂ ಕಾಣುತ್ತದೆ. 8ಕ್ಕೆ ಆರಂಭಿಸಿದವರಿಗೆ ಅಂದು ಮೂವತ್ತು ಪೂರ್ತಿ, 9ಕ್ಕೆ ಆರಂಭಿಸಿದವರಿಗೆ ಇಪ್ಪತ್ತೊಂಬತ್ತು. ಎರಡು ಕಡೆಯವರಿಗೂ ಈದುಲ್ ಫಿತ್ರ್ ಮಾರ್ಚ್ 10, ಬುಧವಾರ. ಬೇರೆ ಬೇರೆ ದಿನ ಉಪವಾಸ ಹಿಡಿದವರು ಒಂದೇ ಈದ್‌ಗಾಹ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಲಿದ್ದಾರೆ. ಇದು ಮೊದಲೇ ತಿಳಿದಿದ್ದರೆ ಫೆಬ್ರವರಿಯಲ್ಲಿ ಕಠಿಣ ಮಾತು ಆಡುವ ಅಗತ್ಯವಾದರೂ ಏನು?

ಚಂದ್ರ ಹುಡುಕುವವರಿಗೆ ಒಂದು ಎಚ್ಚರಿಕೆ. ಸೂರ್ಯ ಪೂರ್ತಿ ಮುಳುಗುವ ಮೊದಲು ಬೈನಾಕ್ಯುಲರ್ ಕಣ್ಣಿಗೆ ಹಿಡಿಯಬಾರದು. ಕ್ಷಣಮಾತ್ರ ಸೂರ್ಯ ಅದರೊಳಗೆ ಬಂದರೂ ದೃಷ್ಟಿಗೆ ಶಾಶ್ವತ ಹಾನಿಯಾದೀತು.

ರಮಝಾನಿನ ಆಕಾಶ

ಈ ರಮಝಾನಿನಲ್ಲಿ ಆಕಾಶ ವಿಶೇಷವಾಗಿ ತುಂಬಿರುತ್ತದೆ. ಫೆಬ್ರವರಿ ಎರಡನೇ ವಾರದಲ್ಲಿ ಗುರು, 19ರಂದು ಮಂಗಳ ಸೂರ್ಯನಿಗೆ ಎದುರು ಬರುತ್ತವೆ. ಮಂಗಳ ಆಗ ಸುಮಾರು 10 ಕೋಟಿ ಕಿಲೋಮೀಟರ್ ದೂರದಲ್ಲಿ. ಎರಡೂ ಸಿಂಹ ರಾಶಿಯಲ್ಲಿ ಅಕ್ಕಪಕ್ಕ. ಇಶಾಕ್ಕೆ ಹೋಗುವಾಗ ಪೂರ್ವದಲ್ಲಿ, ತರಾವೀಹ್ ಮುಗಿಸಿ ಬರುವಾಗ ಇನ್ನಷ್ಟು ಮೇಲೆ. 20ರ ರಾತ್ರಿ ಪೂರ್ಣಚಂದ್ರನೂ ಅವುಗಳ ಜೊತೆ ಸೇರುತ್ತದೆ. 21ರ ಸಹರಿಯ ಹೊತ್ತಿಗೆ ಅರೆನೆರಳಿನ ಚಂದ್ರಗ್ರಹಣವಿದೆ. ಆದರೆ ಚಂದ್ರ ತುಸು ಮಂಕಾದಂತೆ ತೋರಬಹುದೇ ಹೊರತು ಕತ್ತರಿಸಿದಂತೆ ಕಾಣುವುದಿಲ್ಲ.

ತರಾವೀಹ್ ಹೊತ್ತಿಗೆ ದಕ್ಷಿಣಕ್ಕೆ ತಿರುಗಿದರೆ ಆಕಾಶದ ಅತಿ ಪ್ರಕಾಶದ ನಕ್ಷತ್ರ, ಕುರ್‌ಆನ್ ಅನ್ನಜ್ಮ್ ಅಧ್ಯಾಯದಲ್ಲಿ ಹೆಸರಿಸಿದ ಶಿಅರಾ. ಅದರ ಕೆಳಗೆ, ದಿಗಂತದ ಸಮೀಪ, ಅರಬರ ಸುಹೈಲ್. ನಮ್ಮ ಊರಿನವರಿಗೆ ಅದೇ ಅಗಸ್ತ್ಯ ನಕ್ಷತ್ರ. ಸಹರಿಗೆ ಎದ್ದವರಿಗೆ ಪೂರ್ವದಲ್ಲಿ ಶುಕ್ರ. ಆಲ್ಡೆಬರಾನ್, ರೈಜೆಲ್, ಆಲ್ಟೇರ್ ಎಂದು ಇಂದು ಜಗತ್ತೇ ಕರೆಯುವ ನಕ್ಷತ್ರಗಳ ಹೆಸರು ಅರಬಿಯಿಂದ ಬಂದವು. ಅಬ್ದುರ್ರಹ್ಮಾನ್ ಅಸ್ಸೂಫಿ 964ರ ಸುಮಾರಿಗೆ ನಕ್ಷತ್ರಗಳ ಗ್ರಂಥ ಬರೆದರು. ಹದಿನಾಲ್ಕನೇ ಶತಮಾನದಲ್ಲಿ ದಮಾಸ್ಕಸ್‌ನ ಉಮಯ್ಯದ್ ಮಸೀದಿಯ ಸಮಯಪಾಲಕರಾಗಿದ್ದ ಇಬ್ನು ಶಾತಿರ್ ದೊಡ್ಡ ಖಗೋಳಜ್ಞರು. ಮಸೀದಿಗೆ ಆಕಾಶ ಬಲ್ಲ ಒಬ್ಬನನ್ನು ನೇಮಿಸುವುದು ಆಗ ಸಹಜ ವ್ಯವಸ್ಥೆಯಾಗಿತ್ತು.

ವರ್ಷದ ಕೊನೆಯ ದೊಡ್ಡ ಹಿಲಾಲ್ ದುಲ್‌ಹಜ್ಜ್‌ನದ್ದು. ಮೇ 6ರ ಸಂಜೆ 4 ಗಂಟೆ 28 ನಿಮಿಷಕ್ಕೆ ಅಮಾವಾಸ್ಯೆ. 7ರ ಸಂಜೆ 26 ಗಂಟೆಯ ಚಂದ್ರ. ಹಾಗೆ ಕಂಡರೆ ಬಕ್ರೀದ್ ಮೇ 17. ಮುಂದಿನ ಹಿಜರಿ ವರ್ಷದಲ್ಲಿ, 2027ರ ಆಗಸ್ಟ್ 2ರಂದು, ಮಕ್ಕಾದಲ್ಲೇ ಸುಮಾರು ಐದು ನಿಮಿಷ ಸಂಪೂರ್ಣ ಸೂರ್ಯಗ್ರಹಣ ಆಗಲಿದೆ.

ನಮ್ಮ ಜಮಾಅತ್‌ಗಳಲ್ಲಿ ಮಾಡಬಹುದಾದ ಕೆಲಸ ಚಿಕ್ಕದು. ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿ ಪ್ರತಿ ತಿಂಗಳ ಅಮಾವಾಸ್ಯೆಯ ಸಮಯ ಮತ್ತು 29ನೇ ಸಂಜೆಯ ಚಂದ್ರನ ವಯಸ್ಸನ್ನು ಬರೆದು ಹಾಕೋಣ. ರಮಝಾನಿಗೆ ಮಾತ್ರವಲ್ಲ, ಹನ್ನೆರಡೂ ತಿಂಗಳು ಐದಾರು ಮಂದಿ, ಮಕ್ಕಳನ್ನೂ ಕರೆದುಕೊಂಡು, ಮಗ್ರಿಬ್ ನಂತರ ಅರ್ಧ ಗಂಟೆ ಪಡುವಣ ನೋಡಲಿ. ಕಂಡದ್ದನ್ನೂ ಕಾಣದ್ದನ್ನೂ ಒಂದು ಪುಸ್ತಕದಲ್ಲಿ ದಾಖಲಿಸಲಿ. ಹೀಗೆ ಎಂಟು ತಿಂಗಳು ಪಳಗಿದ ಕಣ್ಣು ಫೆಬ್ರವರಿ 7ರ ಸಂಜೆ "ಕಂಡೆ" ಎಂದರೆ ಖಾಝಿಗಳಿಗೆ ಅದು ಬೆಲೆಯುಳ್ಳ ಸಾಕ್ಷಿ. "ಕಾಣಲಿಲ್ಲ" ಎಂದರೆ ಅದೂ ಅಷ್ಟೇ ಬೆಲೆಯುಳ್ಳದ್ದು. ಅಲ್ಲಾಹನು ತನ್ನ ದೃಷ್ಟಾಂತಗಳನ್ನು ಕಾಣುವ ಕಣ್ಣನ್ನೂ, ಭಿನ್ನಾಭಿಪ್ರಾಯದಲ್ಲೂ ಒಂದಾಗಿರುವ ಮನಸ್ಸನ್ನೂ ನಮಗೆಲ್ಲ ಅನುಗ್ರಹಿಸಲಿ. ಆಮೀನ್.