ಬ್ರಿಸ್ಟಲ್‌ನಲ್ಲಿ ಒಂದು ದಿನ

ಊರಿನಿಂದ ಬಂದಿದ್ದ ತಾಯಿಯವರಿಗೆ ಲಂಡನ್ನಿನಾಚೆಯ ಊರೊಂದನ್ನು ತೋರಿಸೋಣವೆಂದು, ಒಂದು ಶನಿವಾರ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿದೆವು. ನಾವೂ ಬ್ರಿಸ್ಟಲ್ ಕಂಡವರಲ್ಲ. ದಾರಿಯಲ್ಲಿ, 1841ರಲ್ಲಿ ತೆರೆದ ಸುಮಾರು 3 ಕಿ.ಮೀ. ಉದ್ದದ ಬಾಕ್ಸ್ ಸುರಂಗ ಬಂದಾಗ ಮಕ್ಕಳು ಕೂಗಿದ್ದೇ ಕೂಗಿದ್ದು. ಒಂದೂಮುಕ್ಕಾಲು ಗಂಟೆಯಲ್ಲಿ ಟೆಂಪಲ್ ಮೀಡ್ಸ್ ನಿಲ್ದಾಣ ತಲುಪಿದೆವು.

ಅಲ್ಲಿಂದ ಅರ್ಧ ಗಂಟೆ ನಡೆದರೆ ಆರ್ನೋಸ್ ವೇಲ್ ಸ್ಮಶಾನ. "ಇಷ್ಟು ದೂರ ಬಂದು ಸ್ಮಶಾನವೇನೋ?" ಎಂದರು ತಾಯಿ. ಒಳಗೆ ಮರಗಳ ನಡುವೆ, ನಮ್ಮ ದೇಶದ ಮಾದರಿಯಲ್ಲೇ ಕಟ್ಟಿದ ಕಲ್ಲಿನ ಮಂಟಪ. ಅದು ರಾಜಾ ರಾಮಮೋಹನ ರಾಯರ ಸಮಾಧಿ.

1831ರಲ್ಲಿ ಇಂಗ್ಲೆಂಡಿಗೆ ಬಂದ ರಾಯರು, ಸತಿ ಪದ್ಧತಿಯನ್ನು ನಿಷೇಧಿಸಿದ 1829ರ ಕಾನೂನಿನ ವಿರುದ್ಧದ ಮೇಲ್ಮನವಿಯನ್ನು ಇಲ್ಲಿ ಎದುರಿಸಿದರು. 1832ರಲ್ಲಿ ಪ್ರಿವಿ ಕೌನ್ಸಿಲ್ ಆ ಮನವಿಯನ್ನು ತಳ್ಳಿಹಾಕಿತು. ಮರುವರ್ಷ ಸೆಪ್ಟೆಂಬರ್ 27ರಂದು ರಾಯರು ಬ್ರಿಸ್ಟಲ್‌ನಲ್ಲೇ ತೀರಿಕೊಂಡರು. ಮೊದಲು ಸ್ಟೇಪಲ್ಟನ್‌ನಲ್ಲಿ ಹೂಳಿದ್ದ ದೇಹವನ್ನು 1843ರಲ್ಲಿ ಇಲ್ಲಿಗೆ ತಂದರು. ಮಂಟಪ ಕಟ್ಟಿಸಿದವರು ದ್ವಾರಕಾನಾಥ ಠಾಕೂರರು.

ನಾವು ಇದನ್ನೆಲ್ಲ ಮಕ್ಕಳಿಗೆ ಹೇಳುತ್ತಿರುವಾಗ, ತಾಯಿಯವರು ಬೂಟು ಬಿಚ್ಚಿ, ತೊಯ್ದ ಹುಲ್ಲಿನ ಮೇಲೆ ನಿಂತು ಕೈಮುಗಿದರು. ನಮ್ಮ ತಂದೆಯವರು ಹೋಗಿ ಆರು ವರ್ಷ. "ನನ್ನಂಥವರಿಗೋಸ್ಕರ ಹೋರಾಡಿದ ಪುಣ್ಯಾತ್ಮ. ತನ್ನವರಿಲ್ಲದ ಊರಲ್ಲಿ ಕಣ್ಣು ಮುಚ್ಚಿದರಲ್ಲ," ಎಂದರು.

ಕಾಲೇಜ್ ಗ್ರೀನ್‌ನಲ್ಲಿ 1997ರಿಂದ ನಿಂತಿರುವ ರಾಯರ ಪ್ರತಿಮೆಯನ್ನೂ ನೋಡಿಕೊಂಡು ಸಂಜೆಯ ರೈಲು ಹಿಡಿದೆವು. ಈ ಸಲ ಸುರಂಗ ಬಂದರೂ ಮಕ್ಕಳು ಕೂಗಲಿಲ್ಲ. ಬಾಲವಿಧವೆಯಾಗಿದ್ದ ತಮ್ಮ ಸೋದರತ್ತೆಯ ಕಥೆಯನ್ನು ತಾಯಿಯವರು ಹೇಳುತ್ತಿದ್ದರು. ನಾವೂ ಅದನ್ನು ಕೇಳಿದ್ದು ಅಂದೇ ಮೊದಲು.

ಸದಸ್ಯ ಬಂಧುಗಳೇ, ಊರಿನಿಂದ ಹಿರಿಯರು ಬಂದಾಗ ನೀವೂ ಒಮ್ಮೆ ಕರೆದುಕೊಂಡು ಹೋಗಿಬನ್ನಿ.