ಒಂಟಿ ಮನೆಗೆ ನೆರೆ ಬಂದಾಗ



ಬೀದರ್ ನಗರಕ್ಕೆ ಸಮೀಪದ ಅಷ್ಟೂರ ಸೀಮೆಯ ಹೊಲದ ಮನೆಯಲ್ಲಿ ನಾವು 12 ವರ್ಷ ಒಬ್ಬರೇ ಇದ್ದೆವು. ಮಠದ ಕಾರ್ಯ ಮುಗಿಸಿ ಸಂಜೆ ಅಲ್ಲಿಗೆ ತಲುಪಿದರೆ ಇಷ್ಟಲಿಂಗ ಪೂಜೆಗೆ ಬೇಕಾದ ಮೌನ ತಾನಾಗಿಯೇ ದೊರೆಯುತ್ತಿತ್ತು. ಪಕ್ಕದ ಹೊಲವನ್ನು ಕೊಂಡ ಕುಟುಂಬವು ಅಲ್ಲಿಯೇ ಮನೆ ಕಟ್ಟಿಕೊಂಡು ಬಂದಾಗ ಆ ಮೌನ ಮುಗಿಯಿತು. ನಸುಕಿನಲ್ಲಿ ಪಂಪಿನ ಸದ್ದು, ರಾತ್ರಿ ಅಂಗಳದ ದೀಪ, ಬದುವಿನ ಮೇಲೆ ಮಕ್ಕಳ ಆಟ. ಒಂದು ದಿನ ಯಾರನ್ನೂ ಕೇಳದೆ ಬದುವಿನ ಕಾಲುದಾರಿಗೆ ಜಾಲಿಮುಳ್ಳು ಹಾಕಿಸಿದೆವು. ಮರುದಿನ ಆ ಮನೆಯ ವೃದ್ಧೆ ಕೊಡ ಹೊತ್ತು ದೂರ ಸುತ್ತಿ ಬರುವುದನ್ನು ಕಂಡೆವು. ದಾಸೋಹದ ಕುರಿತು ವೇದಿಕೆಯಲ್ಲಿ ಮಾತನಾಡುವ ನಮಗೆ ಅಂದು ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಉತ್ತರವು ಊರಿನಲ್ಲಿಯೇ ಇತ್ತು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಅಹಮದ್ ಶಾ ವಲಿ 1436ರಲ್ಲಿ ತೀರಿಕೊಂಡನು. ಆತನ ಸಮಾಧಿ ಅಷ್ಟೂರಿನಲ್ಲಿದೆ. ಅಲ್ಲಿಗೆ ಹೋಗುವ ದಾರಿಯಲ್ಲಿಯೇ ಹಜರತ್ ಖಲೀಲುಲ್ಲಾ ಅವರ ಚೌಖಂಡಿಯಿದೆ. ಅವರು ಇರಾನಿನಿಂದ ಬಂದವರು. ಅಹಮದ್ ಶಾನನ್ನು ಮುಸ್ಲಿಮರು ವಲಿ ಎಂದು ಗೌರವಿಸಿದರೆ, ನಮ್ಮವರಲ್ಲಿ ಅನೇಕರು ಅಲ್ಲಮಪ್ರಭುವಿನ ರೂಪವೆಂದು ಭಾವಿಸುತ್ತಾರೆ. ಪ್ರತಿ ವರ್ಷ ಹೋಳಿ ಹುಣ್ಣಿಮೆಯ ನಂತರ ನಡೆಯುವ ಜಾತ್ರೆಗೆ ಆಳಂದ ತಾಲ್ಲೂಕಿನ ಮಾಡಿಯಾಳದ ಜಂಗಮರು ಶಿಷ್ಯರೊಡನೆ ಬರುತ್ತಾರೆ. ಒಂದೇ ಗುಮ್ಮಟದ ಕೆಳಗೆ ಶಂಖವೂ ಮೊಳಗುತ್ತದೆ, ಫಾತಿಹಾ ಕೂಡ ಸಲ್ಲುತ್ತದೆ. ಯಾರೂ ತಮ್ಮ ಆಚಾರ ಬಿಟ್ಟಿಲ್ಲ. ಆದರೆ ಬರುವ ದಿನ, ನಿಲ್ಲುವ ಸ್ಥಳ, ಸಲ್ಲಿಸುವ ಸೇವೆ ಎಲ್ಲರಿಗೂ ಗೊತ್ತು. ನೆರೆತನ ಉಳಿಯುವುದು ಎಲ್ಲರೂ ಒಂದೇ ಆಗುವುದರಿಂದಲ್ಲ, ಇಂಥ ಗೊತ್ತುಪಾಡಿನಿಂದ ಎಂಬುದು ನಮಗೆ ಆಗ ತಿಳಿಯಿತು.

ಆದ್ದರಿಂದ ಹೊಲದ ಮನೆಗಳಲ್ಲಿ ವಾಸಿಸುವ ಭಕ್ತರಲ್ಲಿ ನಮ್ಮ ಅರಿಕೆ ಇಷ್ಟು. ಮೊದಲ ದೂರು ಹುಟ್ಟುವ ಮೊದಲೇ ಮೊದಲ ಭೇಟಿ ಆಗಲಿ. ಗಡಿಯ ಸಂಶಯವಿದ್ದರೆ ಜಗಳವಾಡದೆ, ಸರ್ವೆ ಇಲಾಖೆಗೆ ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸಿ, ಇಬ್ಬರ ಸಮ್ಮುಖದಲ್ಲಿ ಅಳತೆ ಮಾಡಿಸಿರಿ. ದಾರಿಯನ್ನು ಮುಚ್ಚುವ ಮೊದಲು ವಿಚಾರಿಸಿರಿ: 20 ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿಗೆ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಮಾನ್ಯತೆ ನೀಡುತ್ತದೆ. ಪಂಪು, ದೀಪ, ನಾಯಿಗಳ ವಿಷಯವನ್ನು ಎದುರೆದುರು ಕುಳಿತು ಮಾತನಾಡಿರಿ. ನಿಮ್ಮ ಪೂಜೆಯ ವೇಳೆಯನ್ನೂ ಸಂಕೋಚವಿಲ್ಲದೆ ತಿಳಿಸಿರಿ. ಹೇಳದೆ ಇದ್ದದ್ದನ್ನು ಅವರು ಅರಿಯಲಿಲ್ಲವೆಂದು ಕೋಪಿಸಿಕೊಳ್ಳುವುದು ನ್ಯಾಯವಲ್ಲ.

ನಾವು ನಮ್ಮ ಕೈಯಿಂದಲೇ ಮುಳ್ಳು ತೆಗೆದೆವು, ಆ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ವೃದ್ಧೆ ಹೆಚ್ಚೇನೂ ಮಾತನಾಡಲಿಲ್ಲ. ಕುಳಿತುಕೊಳ್ಳಲು ಕಂಬಳಿ ಹಾಸಿದರು. ಈಗ ನಮ್ಮ ಪೂಜೆಯ ವೇಳೆಗೆ ಪಂಪು ನಿಲ್ಲುತ್ತದೆ. ಕೆಲವೊಮ್ಮೆ ನಿಲ್ಲುವುದೂ ಇಲ್ಲ. ಆದರೂ ಪೂಜೆ ಕೆಡುವುದಿಲ್ಲ. ನೆರೆಯವರ ಸದ್ದು ತಾಳದ ಮೌನವು ಎಷ್ಟರ ಮಟ್ಟಿಗೆ ಶಿವಧ್ಯಾನವಾಗಿತ್ತು ಎಂದು ನಮ್ಮನ್ನು ನಾವೇ ಕೇಳಿಕೊಳ್ಳುತ್ತಿದ್ದೇವೆ.